ಆಟಕ್ಕಿಳಿಯುವವರ ಬಗೆಗಳು: ಕೃಷ್ಣಾ ದಂಡೆಯ ಕಣದಿಂದ ಮೊಬೈಲ್ ಲೋಕದವರೆಗೆ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದ. ಅವನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಐದು ವಿಂಶತಿಗಳಲ್ಲಿ ಕೊನೆಯ ಎರಡು ಪೂರ್ತಿಯಾಗಿ ವಿನೋದಕ್ಕೂ ಕ್ರೀಡೆಗೂ ಮೀಸಲಾಗಿವೆ. ಪಗಡೆ, ಕವಡೆ, ಟಗರಿನ ಕಾಳಗ, ಬೇಟೆ, ಮಲ್ಲಯುದ್ಧ ಎಲ್ಲವೂ ಅಲ್ಲಿ ಬರುತ್ತವೆ. ಜಟ್ಟಿಗಳ ಮಾತು ಬಂದಾಗ ಗ್ರಂಥ ಅವರನ್ನು ವಯಸ್ಸು, ಮೈಕಟ್ಟು, ಕಸುವು ನೋಡಿ ದರ್ಜೆಗಳಾಗಿ ವಿಂಗಡಿಸುತ್ತದೆ. ಅವರು ಹೇಗೆ ಸಾಮು ಮಾಡಬೇಕು, ಅರಮನೆಯಿಂದ ಬೇಳೆಕಾಳು, ಮಾಂಸ, ಹಾಲು, ಸಿಹಿ ಹೇಗೆ ಸಲ್ಲಬೇಕು ಎಂಬುದನ್ನೂ ಹೇಳುತ್ತದೆ. ಕನ್ನಡ ನಾಡಿನಲ್ಲಿ ಆಟಗಾರರನ್ನು ಬಗೆಬಗೆಯಾಗಿ ನೋಡಿದ ಹಳೆಯ ಬರಹಗಳಲ್ಲಿ ಇದೊಂದು. ಅಲ್ಲಿ ಅಳತೆಗೆ ಸಿಕ್ಕುವುದು ಆಡುವವನ ಮೈ; ಅಳೆಯುವವನು ಆಡಿಸುವ ದೊರೆ. ಆಡುವವನ ಮನಸ್ಸನ್ನು ವಿಂಗಡಿಸುವ ಕೆಲಸ ಬಿಗಿಯಾದದ್ದು 20ನೆಯ ಶತಮಾನದ ಕೊನೆಯಲ್ಲಿ, ನೂರಾರು ಜನ ಕಂಪ್ಯೂಟರಿನೊಳಗೆ ಒಟ್ಟಿಗೆ ವೇಷ ತೊಟ್ಟು ಆಡುವ ಲೋಕಗಳು ಹುಟ್ಟಿದ ಮೇಲೆ. ಆಗಲೂ ಅಳೆದವರು ಆಟ ಕಟ್ಟಿದವರೇ.

ಕೃಷ್ಣಾ ದಂಡೆಯ ಸೀಮೆ, ಅಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಿನ ಕೃಷ್ಣಾ–ಘಟಪ್ರಭಾ ನಡುವಿನ ಎರೆಭೂಮಿ, ಈ ಚರಿತ್ರೆಯನ್ನು ಓದಲು ತಕ್ಕ ಜಾಗ. 1948ರವರೆಗೆ ಇಲ್ಲಿ ಒಬ್ಬನೇ ದೊರೆಯಿರಲಿಲ್ಲ. ಜಮಖಂಡಿ ಮತ್ತು ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ, ಮುಧೋಳ ಮತ್ತು ಮಹಾಲಿಂಗಪುರ ಘೋರ್ಪಡೆಯವರ ಸಂಸ್ಥಾನಕ್ಕೆ, ರಬಕವಿ ಮತ್ತು ತೇರದಾಳ ಸಾಂಗ್ಲಿಯ ಪಟವರ್ಧನರಿಗೆ ಸೇರಿದ್ದವು. ಬೀಳಗಿ ನೇರವಾಗಿ ಬ್ರಿಟಿಷರ ಮುಂಬೈ ಪ್ರಾಂತದಲ್ಲಿತ್ತು. ಅರ್ಧ ದಿನದ ಎತ್ತಿನಗಾಡಿ ಪ್ರಯಾಣದಲ್ಲಿ ಮೂರು ಸರ್ಕಾರ ದಾಟಬಹುದಾಗಿದ್ದ ಈ ಊರುಗಳಿಗೆ ಜಾತ್ರೆ, ಕುಸ್ತಿ ಮತ್ತು ಬಯಲಾಟ ಮಾತ್ರ ಒಂದೇ ಆಗಿದ್ದವು. ಪೈಲವಾನನಾಗಲಿ, ಬಯಲಾಟದ ಮೇಳವಾಗಲಿ ಗಡಿ ನೋಡಿ ತಿರುಗಲಿಲ್ಲ.

ಫ್ರೆಂಚ್ ಚಿಂತಕ ರೋಜರ್ ಕೈಯ್ವಾ 1958ರಲ್ಲಿ ಲೋಕದ ಆಟಗಳನ್ನೆಲ್ಲ ನಾಲ್ಕು ಬುಟ್ಟಿಗೆ ಹಾಕಿದ: ಪೈಪೋಟಿಯವು, ಅದೃಷ್ಟದವು, ವೇಷದವು, ತಲೆ ಗಿರ್ರೆನ್ನಿಸುವವು. ಈ ಸೀಮೆಯ ವರ್ಷಚಕ್ರದಲ್ಲಿ ನಾಲ್ಕೂ ತಂತಮ್ಮ ಜಾಗದಲ್ಲಿ ಕೂತಿವೆ. ಜಾತ್ರೆಗೆ ಕುಸ್ತಿ, ಯುಗಾದಿಗೂ ಶಿವರಾತ್ರಿಯ ಜಾಗರಣೆಗೂ ಪಗಡೆ, ಸುಗ್ಗಿ ಮುಗಿದ ಮೇಲೆ ಬಯಲಾಟ, ನಾಗರಪಂಚಮಿಗೆ ಜೋಕಾಲಿ. ಪಂಚಮಿಯ ದಿನ ಹೆಣ್ಣುಮಕ್ಕಳು ಬೇವಿನ ಮರದ ಟೊಂಗೆ ಮುಟ್ಟುವಂತೆ ಜೀಕುತ್ತಾರೆ, ಗಂಡಸರು ಇಷ್ಟು ಸಲ ಎಸೆದರೆ ನಿಂಬೆಹಣ್ಣು ಇಂಥ ಗುಡಿ ಮುಟ್ಟಬೇಕೆಂದು ಪಣ ಕಟ್ಟುತ್ತಾರೆ. ಜೋಕಾಲಿಯಲ್ಲಿ ಗೆಲ್ಲುವವರಿಲ್ಲ, ಸೋಲುವವರಿಲ್ಲ. ಆಟವೆಂದರೆ ಗೆಲುವಿನ ಆಸೆಯೇ ಎಂದುಕೊಳ್ಳುವವರು ಈ ಹಬ್ಬದ ಲೆಕ್ಕ ಬಿಡಬಾರದು. ಮುಂದೆ ಬರುವ ಮೊಬೈಲ್ ಆಟಗಳಲ್ಲೂ ಯಾರನ್ನೂ ಸೋಲಿಸುವ ಗೊಡವೆಗೆ ಹೋಗದೆ ಸುಮ್ಮನೆ ಕುದುರೆಯೇರಿ ಬೆಟ್ಟ ಸುತ್ತುವ ಆಟಗಾರರ ದೊಡ್ಡ ಗುಂಪೇ ಇದೆ.

ಪೈಪೋಟಿಯ ಆಟಗಳಲ್ಲಿ ಕುಸ್ತಿಗೆ ಮೊದಲ ಪಂಕ್ತಿ. ಕೊಲ್ಹಾಪುರದ ಶಾಹೂ ಮಹಾರಾಜರ ಆಶ್ರಯದಲ್ಲಿ ಮಲ್ಲವಿದ್ಯೆ ಮೇಲೆದ್ದ ಕಾಲಕ್ಕೆ ಅದರ ಅಲೆ ಸಾಂಗ್ಲಿ, ಮಿರಜ, ಜಮಖಂಡಿ, ಮುಧೋಳಗಳನ್ನೂ ತಟ್ಟಿತು. ಹಳ್ಳಿಯ ಗರಡಿಮನೆಗೆ ಬರುವ ಹುಡುಗರಲ್ಲಿ ಎಲ್ಲರೂ ಕಣಕ್ಕಿಳಿಯುವವರಲ್ಲ. ಕೆಂಪು ಮಣ್ಣಿಗೆ ಎಣ್ಣೆ, ಅರಿಸಿನ ಬೆರೆಸಿ ಹದ ಮಾಡುವುದರಲ್ಲೇ ಸುಖ ಕಾಣುವವನಿದ್ದಾನೆ. ದಂಡ-ಬೈಠಕ್ ಎಣಿಸಿ ನಿನ್ನೆಗಿಂತ ಇವತ್ತು ಹೆಚ್ಚಾಯಿತೆಂದು ಹಿಗ್ಗುವವನಿದ್ದಾನೆ. ಗರಡಿಯ ಗುರು ವಸ್ತಾದನ ಬಾಯಲ್ಲಿ ಒಂದು ಹೊಸ ಪಟ್ಟು ಕೇಳಲೆಂದೇ ಕಾಯುವವನಿದ್ದಾನೆ. ಎದುರಾಳಿ ಮಣ್ಣು ಮುಕ್ಕಿದಾಗ ಮಾತ್ರ ಕಣ್ಣು ಬೆಳಗುವವನೂ ಇದ್ದಾನೆ. ವಸ್ತಾದನಿಗೆ ಇವರೆಲ್ಲರ ಗುರುತು ಗೊತ್ತು, ಜೋಡಿ ಹಾಕುವಾಗ ಅವನು ಅದನ್ನೇ ನೋಡುತ್ತಾನೆ.

ತೆರಬಂಡಿ ಸ್ಪರ್ಧೆ ಇನ್ನೂ ಸ್ಥಳೀಯವಾದದ್ದು. ಗಾಲಿ ತಿರುಗದಂತೆ ಬಿಗಿದ ಬಂಡಿಯನ್ನು ಜೋಡೆತ್ತುಗಳು ಕಣದಲ್ಲಿ ಜಗ್ಗುತ್ತವೆ. ಗೊತ್ತುಮಾಡಿದ ಹೊತ್ತಿನಲ್ಲಿ ಎಷ್ಟು ದೂರ ಎಳೆದವೆಂದು ಅಳೆದು ಬಹುಮಾನ ಕೊಡುತ್ತಾರೆ. ಕಣದೊಳಗೆ ಎತ್ತು, ಅದರ ಒಡೆಯ, ಹುರಿದುಂಬಿಸುವ ನಾಲ್ಕಾರು ಜನ. ಸುತ್ತ ಸಾವಿರಾರು ಮಂದಿ. ಗೆದ್ದ ಎತ್ತಿನ ಹೆಸರಿಗೆ ಊರಿನ ಹೆಸರೂ ಅಂಟುತ್ತದೆ. ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಇಂಥ ಸ್ಪರ್ಧೆಗಳು ತಕರಾರಿಗೆ ಸಿಕ್ಕಿದ್ದವು; ಕಂಬಳ ಮತ್ತು ಎತ್ತಿನಗಾಡಿ ಓಟಗಳಿಗೆ ಅವಕಾಶ ಕೊಡುವ ರಾಜ್ಯದ 2017ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಜನ ಆಡುವ ಆಟದ ಮೇಲೆ ಸರ್ಕಾರ ಮತ್ತು ನ್ಯಾಯಾಲಯ ಕಣ್ಣಿಡುವುದು ಮೊಬೈಲಿನಿಂದ ಶುರುವಾದ ಸಂಗತಿಯೇನೂ ಅಲ್ಲ.

ವೇಷ ತೊಟ್ಟು ಬೇರೆಯವರಾಗುವ ಆಟದಲ್ಲಿ ಈ ಸೀಮೆಯ ಸಂಪತ್ತು ದೊಡ್ಡದು. ದೊಡ್ಡಾಟ, ಸಣ್ಣಾಟ, ರಾಧಾನಾಟ, ಶ್ರೀಕೃಷ್ಣ ಪಾರಿಜಾತ ಎಲ್ಲವೂ ಇಲ್ಲಿ ಬೆಳೆದವು ಅಥವಾ ಇಲ್ಲಿಗೆ ಬಂದು ನೆಲೆ ನಿಂತವು. ಕನ್ನಡದ ಇಂಥ ಆಟಗಳ ಗಾಳಿ ನೆರೆನಾಡಿಗೂ ಬೀಸಿತು. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಗೆ ಹೋಗಿ ಆಡಿದ್ದನ್ನು ಕಂಡ ಅಲ್ಲಿನ ಪಟವರ್ಧನ ದೊರೆ, ಅಂಥದ್ದು ಮರಾಠಿಯಲ್ಲೂ ಆಗಲೆಂದು ವಿಷ್ಣುದಾಸ ಭಾವೆಗೆ ಹೇಳಿದ. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸುವುದು ಆ ವರ್ಷದಿಂದ. ಮುಂದೆ ಅದೇ ಮರಾಠಿ ನಾಟಕ ಕಂಪನಿಗಳು ಉತ್ತರ ಕರ್ನಾಟಕದ ಊರುಗಳಿಗೆ ಬಂದು ತುಂಬಿಕೊಂಡಾಗ, ಅದಕ್ಕೆ ಉತ್ತರವಾಗಿ ಗದುಗಿನ ಕಡೆ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದರು. ಕೊಟ್ಟದ್ದು ಬಡ್ಡಿ ಸಮೇತ ತಿರುಗಿ ಬಂದ ಬಗೆಯಿದು.

ಶ್ರೀಕೃಷ್ಣ ಪಾರಿಜಾತವನ್ನು ರಚಿಸಿದವನು ಅಪರಾಳ ತಮ್ಮಣ್ಣ. ಅದನ್ನು ರಂಗಕ್ಕೆ ಒಗ್ಗಿಸಿ, ಮೇಳ ಕಟ್ಟಿ ಊರೂರಿಗೆ ಮುಟ್ಟಿಸಿದವನು ಕುಲಗೋಡ ತಮ್ಮಣ್ಣ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟದ್ದರಿಂದ ಸತ್ಯಭಾಮೆ ಮುನಿಸಿಕೊಳ್ಳುವುದು, ಕೃಷ್ಣ ಅವಳನ್ನು ರಮಿಸುವುದು: ಕಥೆ ಇಷ್ಟೇ. ಇದನ್ನು ಬೆಳಗಿನ ತನಕ ಎಳೆಯುವುದು ಹಾಡು ಮತ್ತು ಭಾಗವತನ ಬಾಯಿ. ಭಾಗವತ ಇಲ್ಲಿ ಹಿಮ್ಮೇಳದ ಮುಖ್ಯಸ್ಥನಷ್ಟೇ ಅಲ್ಲ; ಪ್ರತಿ ಪಾತ್ರದ ಜೊತೆ ಮಾತಿಗಿಳಿಯುತ್ತಾನೆ, ದೇವರನ್ನೂ ಚೇಷ್ಟೆ ಮಾಡುತ್ತಾನೆ, ಮುಂದೆ ಕೂತ ಗೌಡರನ್ನೂ ಬಿಡುವುದಿಲ್ಲ. ಸತ್ಯಭಾಮೆಯ ಸಿಟ್ಟು ಮುಧೋಳದ ಯಾವುದೋ ಮನೆಯ ಸವತಿಯರ ಜಗಳವಾಗಿ ಕೇಳಿಸುವುದು ಅವನಿಂದ.

ದೊಡ್ಡಾಟದಲ್ಲಿ ಈ ಕೆಲಸ ಸಾರಥಿಯದು. ಕಿರೀಟ, ಭುಜಕೀರ್ತಿ, ಎದೆಹಾರ ಕಟ್ಟಿ ಗೆಜ್ಜೆಯ ಸದ್ದಿನೊಂದಿಗೆ ವೇಷಧಾರಿ ಅಟ್ಟಕ್ಕೆ ಬಂದ ಕೂಡಲೇ ಸಾರಥಿ ಅಡ್ಡ ನಿಂತು ವಿಚಾರಿಸುತ್ತಾನೆ: ತಾವು ಯಾರು, ಯಾವ ಪಟ್ಟಣದವರು, ಯಾರ ಮಕ್ಕಳು. ವೇಷಧಾರಿ ತನ್ನ ಕುಲ, ರಾಜ್ಯ, ಶೌರ್ಯ ಎಲ್ಲವನ್ನೂ ಏರುದನಿಯಲ್ಲಿ ಒಪ್ಪಿಸಿದ ಮೇಲೆಯೇ ಕಥೆ ಮುಂದೆ ಸಾಗುವುದು. ಹಗಲು ಮಗ್ಗದ ಮುಂದೆ ಕೂತು ಸೀರೆ ನೇಯ್ದ ಬನಹಟ್ಟಿಯ ನೇಕಾರ ಆ ಕ್ಷಣಕ್ಕೆ ಲಂಕೆಯ ಒಡೆಯ. ಆಟದ ಲೋಕಕ್ಕೆ ಕಾಲಿಡುವಾಗ ಹೆಸರು, ಕುಲ, ಆಯುಧ ಆರಿಸಿಕೊಂಡೇ ಒಳಗೆ ಹೋಗಬೇಕೆಂಬ ಇಂದಿನ ಆನ್‌ಲೈನ್ ಆಟಗಳ ಕಟ್ಟಳೆಯನ್ನು ದೊಡ್ಡಾಟ ಕಂಡವರಿಗೆ ವಿವರಿಸಿ ಹೇಳಬೇಕಿಲ್ಲ.

ಊರಿನ ಬಯಲಾಟಕ್ಕೆ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ರಾತ್ರಿ ಊಟವಾದ ಮೇಲೆ ಗುಡಿಯ ಪಡಸಾಲೆಯಲ್ಲೋ ಶಾಲೆಯ ವರಾಂಡದಲ್ಲೋ ಮಾಸ್ತರ ಪೇಟಿ ತೆಗೆದು ಕೂರುತ್ತಾನೆ. ಮಾಸ್ತರನ ಸಂಭಾವನೆ, ವೇಷಭೂಷಣದ ಬಾಡಿಗೆ, ಅಟ್ಟದ ಖರ್ಚು ಎಲ್ಲಕ್ಕೂ ಪಟ್ಟಿ ಎತ್ತಬೇಕು. ಹಳೆ ಮೈಸೂರಿನ ಮಂಡ್ಯ, ತುಮಕೂರು ಕಡೆಯ ‘ಕುರುಕ್ಷೇತ್ರ’ ನಾಟಕಗಳಲ್ಲಂತೂ ಪಾತ್ರಕ್ಕಿಷ್ಟು ಎಂದು ದುಡ್ಡು ಗೊತ್ತುಮಾಡುವುದು ರೂಢಿ. ಕೃಷ್ಣ, ದುರ್ಯೋಧನರ ಪಾತ್ರಗಳಿಗೆ ಬೆಲೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ದುಡ್ಡು ಕೊಟ್ಟು ದೊಡ್ಡ ಕಿರೀಟ ಕೊಳ್ಳುವ ಆಸೆಯನ್ನು ಮೊಬೈಲ್ ಕಂಪನಿಗಳು ಹುಟ್ಟುಹಾಕಲಿಲ್ಲ, ಇದ್ದ ಆಸೆಗೆ ಅಂಗಡಿ ತೆರೆದವು ಅಷ್ಟೆ. ಒಂದು ವ್ಯತ್ಯಾಸವುಂಟು. ಬಯಲಾಟದಲ್ಲಿ ಖರ್ಚು ಮಾಡಿದವನಿಗೆ ಊರು ತಿರುಗಿ ಕೊಡುತ್ತಿತ್ತು. ಆಟದ ನಡುವೆಯೇ ಬೀಗರು, ಗೆಳೆಯರು ಅಟ್ಟ ಹತ್ತಿ ವೇಷಧಾರಿಗೆ ಆಯೇರ ಮಾಡುತ್ತಾರೆ. ಶಾಲು, ರುಮಾಲು, ನೋಟು ಕೊಟ್ಟವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ. ರಾವಣ ಎರಡು ನಿಮಿಷ ರಾವಣತನ ಬಿಟ್ಟು ಮಾವನ ಕಾಲಿಗೆ ನಮಸ್ಕಾರ ಮಾಡಿ ಮತ್ತೆ ಗರ್ಜಿಸುತ್ತಾನೆ. ಆಟ ಕೆಟ್ಟಿತೆಂದು ಯಾರೂ ಗೊಣಗುವುದಿಲ್ಲ.

ವೇಷ ಹಾಕುವ ಕಾರಣಗಳು ಒಂದೇ ಅಟ್ಟದ ಮೇಲೆ ಹಲವು. ಮಳೆ ಬರಲೆಂದು, ಹರಕೆ ತೀರಲೆಂದು ಆಡುವವರು ಇದ್ದರು. ದನಿ ಚೆಂದ ಇದ್ದವನಿಗೆ ಹಾಡು ಮುಖ್ಯ, ಪಾತ್ರ ನೆಪ. ತಾಲೀಮಿನ ಚಹಾ ಮತ್ತು ಹರಟೆಗೆಂದೇ ಸೇನಾಧಿಪತಿಯ ಸಣ್ಣ ಪಾತ್ರ ಒಪ್ಪಿಕೊಂಡು ಮೂರು ತಿಂಗಳು ತಪ್ಪದೆ ಬರುವವನಿಲ್ಲದೆ ಯಾವ ಮೇಳವೂ ನಿಂತಿಲ್ಲ. ನಿಜಜೀವನದಲ್ಲಿ ತಲೆ ಎತ್ತಿ ಮಾತಾಡದವನು ಅಟ್ಟದ ಮೇಲೆ ರಾಜನಿಗೇ ಧಿಕ್ಕಾರ ಹೇಳುತ್ತಿದ್ದ. ಬಯಲಾಟ ಹಳ್ಳಿಗೆ ಕೊಟ್ಟ ಸಲಿಗೆಗಳಲ್ಲಿ ಇದೇ ದೊಡ್ಡದು ಎನ್ನಬೇಕು. ಹೆಣ್ಣುವೇಷ ಹಾಕುವ ಗಂಡಸರಿಗೆ ಬೇರೆಯದೇ ಹೆಸರಿತ್ತು, ಬೇರೆಯದೇ ಕಷ್ಟವೂ ಇತ್ತು. ಪಾರಿಜಾತದ ರಂಗಕ್ಕೆ ಹೆಣ್ಣಾಗಿ ಬಂದು ಹೆಸರು ಮಾಡಿದ ಕೌಜಲಗಿ ನಿಂಗಮ್ಮನ ಕಾಲಕ್ಕೆ, 20ನೆಯ ಶತಮಾನದ ಮೊದಲ ಭಾಗದಲ್ಲಿ, ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡಬೇಕೆಂಬ ಕಟ್ಟು ಸಡಿಲವಾಯಿತು. ಬೀಳಗಿಯಲ್ಲಿ ಹುಟ್ಟಿದ ಅಕ್ಕತಂಗಿಯರು ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ಇನ್ನೂ ದೂರ ಹೋದರು. ಅಮೀರಬಾಯಿ ಹಿಂದಿ ಚಿತ್ರಗಳ ಗಾಯಕಿಯಾಗಿ, 1943ರ ‘ಕಿಸ್ಮತ್’ ಮೂಲಕ ದೇಶಕ್ಕೆಲ್ಲ ಪರಿಚಿತಳಾದಳು. ಗೋಹರಬಾಯಿ ಸೇರಿದ್ದು ಸ್ತ್ರೀಪಾತ್ರಗಳಿಗೆ ಹೆಸರಾದ ಬಾಲಗಂಧರ್ವರ ಮಂಡಳಿಯನ್ನು.

ಎದುರಾಳಿಯಿಲ್ಲದೆ ಆಡಲಾಗದ ಇನ್ನೊಂದು ಆಟ ಗೀಗೀ ಪದಗಳ ಹರದೇಶಿ-ನಾಗೇಶಿ ವಾದ. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಡಪ್ಪು, ತುಂತುಣಿ ಹಿಡಿದು ಸವಾಲು-ಜವಾಬು ಹಾಡುತ್ತಾರೆ. ಎದುರು ಮೇಳದ ಬಾಯಿ ಕಟ್ಟಿಸುವುದೇ ಗುರಿ. ಅದಕ್ಕೆ ಪುರಾಣವೂ ಬೇಕು, ಕುಹಕವೂ ಬೇಕು. 1857ರ ಹಲಗಲಿ ಬೇಡರ ದಂಗೆ ಮುಧೋಳ ಸೀಮೆಯಲ್ಲಿ ಇಂದಿಗೂ ನೆನಪಿರುವುದಕ್ಕೆ ಸರ್ಕಾರಿ ದಾಖಲೆಗಿಂತ ಲಾವಣಿಯೇ ಕಾರಣ. ಅದನ್ನು ಬರೆದಿಟ್ಟು ಅಚ್ಚು ಮಾಡಿಸಿದವನು ಬ್ರಿಟಿಷ್ ಅಧಿಕಾರಿ ಜಾನ್ ಫ್ಲೀಟ್. ಸವಾಲು-ಜವಾಬಿನ ಹಾಡುಗಾರನಿಗೂ ಪಾರಿಜಾತದ ಹಾಡುಗಾರನಿಗೂ ಕಂಠ ಒಂದೇ ಇದ್ದೀತು, ಬಯಕೆ ಬೇರೆ.

ಇಷ್ಟು ಬಗೆಯ ಬಯಕೆಗಳಿಗೆ ಹೆಸರಿಟ್ಟು ಪಟ್ಟಿ ಮಾಡಿದ ಕಥೆ ಇಂಗ್ಲೆಂಡಿನದು. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಮೇಜಿನ ಸುತ್ತ ಕೂತು ಪಾತ್ರಗಳಾಗಿ ಆಡುವ ಆಟ ಬಂದಿತ್ತು. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಶಾ ಅಂಥ ಲೋಕವೊಂದನ್ನು ಕಂಪ್ಯೂಟರಿನೊಳಗೆ ಕಟ್ಟತೊಡಗಿದ. ಅವನ ಜೊತೆಗಾರ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದ. ‘ಮಡ್’ ಎಂಬ ಆ ಲೋಕದಲ್ಲಿ ಚಿತ್ರವಿರಲಿಲ್ಲ, ಬರೀ ಅಕ್ಷರ. ಆಟಗಾರ ನಿಧಿ ಹುಡುಕಿ ತಂದು ಜೌಗಿನಲ್ಲಿ ಹಾಕಿದರೆ ಅಂಕ. ಅಂಕ ಸಾಕಷ್ಟಾದರೆ ‘ಮಾಂತ್ರಿಕ’ ಪದವಿ. ಹಲವರು ಒಂದೇ ಹೊತ್ತಿಗೆ ಅಲ್ಲಿರುತ್ತಿದ್ದರು; ಮಾತಾಡಬಹುದಿತ್ತು, ಕೂಡಿ ತಿರುಗಬಹುದಿತ್ತು, ಹಿಂದಿನಿಂದ ಬಂದು ಕೊಲ್ಲಬಹುದಿತ್ತು.

1989–90ರಲ್ಲಿ ಅಂಥ ಲೋಕವೊಂದರ ಹಿರಿಯ ಆಟಗಾರರ ನಡುವೆ ಉದ್ದ ಚರ್ಚೆಯೊಂದು ನಡೆಯಿತು: ಜನ ಇಲ್ಲಿಗೆ ಬರುವುದು ಯಾಕೆ? ಒಬ್ಬರ ಉತ್ತರ ಇನ್ನೊಬ್ಬರಿಗೆ ಹಿಡಿಸಲಿಲ್ಲ. ಆ ಭಿನ್ನಾಭಿಪ್ರಾಯವನ್ನೇ ಬಾರ್ಟಲ್ ವಿಶ್ಲೇಷಿಸಿ 1996ರ ಲೇಖನದಲ್ಲಿ ನಾಲ್ಕು ಬಗೆ ಮಾಡಿದ. ಒಂದೊಂದಕ್ಕೆ ಇಸ್ಪೀಟಿನ ಒಂದೊಂದು ಬಣ್ಣ ಕೊಟ್ಟ. ಅಂಕ, ಪದವಿ, ಸಂಪತ್ತಿನ ಬೆನ್ನು ಹತ್ತುವ ಸಾಧಕ ಡೈಮಂಡ್. ಮೂಲೆಮುಡುಕು ತಡಕಿ, ಆಟದ ಒಳಗುಟ್ಟು ಕೆದಕುವ ಶೋಧಕ ಇಸ್ಪೀಟ್. ಆಟವನ್ನು ನೆಪ ಮಾಡಿಕೊಂಡು ಜನರ ಸಂಗ ಬಯಸುವವನು ಆಟೀನ್. ಇತರರನ್ನು ಕಾಡುವುದರಲ್ಲೇ ರುಚಿ ಕಾಣುವ ಕೊಲೆಗಡುಕ ಕಳಾವರ್. ಇವು ಎರಡು ಪ್ರಶ್ನೆಗಳ ಮೇಲೆ ನಿಂತ ವಿಂಗಡಣೆ. ಆಟಗಾರನ ಗಮನ ಲೋಕದ ಮೇಲೋ, ಅಲ್ಲಿರುವ ಜನರ ಮೇಲೋ? ಅವನು ಎದುರಿಗಿದ್ದದ್ದರ ಮೇಲೆ ಕೈಮಾಡುತ್ತಾನೋ, ಅದರೊಡನೆ ಒಡನಾಡುತ್ತಾನೋ? ಗರಡಿಯ ವಸ್ತಾದನಿಗೂ ಬಯಲಾಟದ ಮಾಸ್ತರನಿಗೂ ಈ ನಾಲ್ವರ ಮುಖಪರಿಚಯ ಇದ್ದೇ ಇತ್ತು. ಬಾರ್ಟಲ್‌ನ ಹೊಸತನ ನಾಲ್ಕು ಹೆಸರುಗಳಲ್ಲಿಲ್ಲ, ಅವು ಒಂದರ ಮೇಲೊಂದು ಮಾಡುವ ಪರಿಣಾಮವನ್ನು ಗುರುತಿಸಿದ್ದರಲ್ಲಿದೆ.

ಕಾಡುವವರು ಹೆಚ್ಚಾದರೆ ಮೊದಲು ಜಾಗ ಖಾಲಿ ಮಾಡುವವರು ಹರಟೆಯ ಮಂದಿ; ಅವರಲ್ಲಿ ಒಬ್ಬ ಹೋದರೆ ಅವನ ಗೆಳೆಯರೂ ಹೋಗುತ್ತಾರೆ. ಸಾಧಕರಿಗೆ ಕಾಡುವವರ ಭಯ ಸ್ವಲ್ಪ ಇದ್ದರೇ ಗೆಲುವಿಗೆ ಬೆಲೆ. ಶೋಧಕರು ಎಷ್ಟಿದ್ದರೂ ಯಾರಿಗೂ ತೊಂದರೆಯಿಲ್ಲ. ಹೀಗಾಗಿ ಲೋಕ ಕಟ್ಟುವವನು ಯಾರಿಗೆ ಎಷ್ಟು ಸಲಿಗೆ ಕೊಡಬೇಕೆಂದು ತೂಗಿ ನಿಯಮ ಮಾಡಬೇಕು. ‘ಅಲ್ಟಿಮಾ ಆನ್‌ಲೈನ್’ ಎಂಬ ಆಟದ 1997ರ ಪರೀಕ್ಷಾ ಹಂತದಲ್ಲಿ, ಅದನ್ನು ಕಟ್ಟಿದ ರಿಚರ್ಡ್ ಗ್ಯಾರಿಯಟ್ ರಾಜನ ವೇಷದಲ್ಲಿ ಪ್ರಜೆಗಳ ಮುಂದೆ ನಿಂತಿದ್ದಾಗಲೇ ಆಟಗಾರನೊಬ್ಬ ಬೆಂಕಿಯ ಮಂತ್ರ ಹಾಕಿ ಅವನನ್ನು ಕೊಂದುಬಿಟ್ಟ. ಸಾಯದ ವರವನ್ನು ಜಾರಿಯಲ್ಲಿಡುವುದು ರಾಜನಿಗೆ ಮರೆತಿತ್ತಂತೆ. ಹಿರಣ್ಯಕಶಿಪುವಿನ ಕಥೆ ಬಲ್ಲ ಜನಕ್ಕೆ ಇದರಲ್ಲಿ ಅಚ್ಚರಿಯೇನಿಲ್ಲ.

ಬಾರ್ಟಲ್‌ನ ವಿಂಗಡಣೆ ಅನುಭವದಿಂದ ಬಂದದ್ದು, ಎಣಿಕೆಯಿಂದಲ್ಲ. ಎಣಿ‍ಕೆಗೆ ಕೂತವನು ನಿಕ್ ಯೀ. ‘ಎವರ್‌ಕ್ವೆಸ್ಟ್’ ಮುಂತಾದ ಆಟಗಳ ಸುಮಾರು 3,000 ಆಟಗಾರರಿಂದ ಪ್ರಶ್ನಾವಳಿ ತುಂಬಿಸಿ ಅವನು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟಗಾರರ ಬಗೆಗಳ ಬದಲು ಪ್ರೇರಣೆಗಳು ಮುಂದೆ ಬಂದವು: ಸಾಧನೆ, ಸಂಗ, ತಲ್ಲೀನತೆ. ಇವುಗಳೊಳಗೆ ಹತ್ತು ಎಳೆ. ಮೇಲೇರುವ ಆಸೆ, ಲೆಕ್ಕಾಚಾರದ ರುಚಿ, ಪೈಪೋಟಿ ಒಂದು ಕಡೆ. ಹರಟೆ, ಗಟ್ಟಿ ಸ್ನೇಹ, ಕೂಡಿ ದುಡಿಯುವುದು ಇನ್ನೊಂದು ಕಡೆ. ಹುಡುಕಾಟ, ಪಾತ್ರವಾಗುವುದು, ವೇಷ ಅಲಂಕರಿಸುವುದು, ನಿತ್ಯದ ಜಂಜಾಟದಿಂದ ತಪ್ಪಿಸಿಕೊಳ್ಳುವುದು ಮತ್ತೊಂದು ಕಡೆ. ಒಬ್ಬನೇ ಮನುಷ್ಯನಲ್ಲಿ ಇವು ಬೇರೆಬೇರೆ ಪ್ರಮಾಣದಲ್ಲಿ ಕೂಡಿರುತ್ತವೆ ಎಂಬುದು ಯೀ ಹೇಳಿದ ಮುಖ್ಯ ಮಾತು, ಮತ್ತು ಅದೇ ಸರಿಯಾದ ಮಾತು. ಹೆಣ್ಣುರೂಪ ತೊಟ್ಟು ಆಡುವ ಗಂಡಸರ ಸಂಖ್ಯೆ ಗಂಡುರೂಪ ತೊಡುವ ಹೆಂಗಸರಿಗಿಂತ ಬಹಳ ಹೆಚ್ಚೆಂದೂ ಅವನ ಸಮೀಕ್ಷೆಗಳಲ್ಲಿ ಕಂಡುಬಂತು. ಅದೇ ವರ್ಷ ರಿಚರ್ಡ್ ರಯಾನ್ ಮತ್ತು ಸಂಗಡಿಗರು ಇನ್ನೊಂದು ಹಾದಿ ಹಿಡಿದು, ಆಟ ಹಿಡಿದಿಡುವುದು ಮನುಷ್ಯನ ಮೂರು ಹಸಿವುಗಳನ್ನು ತಣಿಸುವುದರಿಂದ ಎಂದರು: ನನ್ನಿಷ್ಟದಂತೆ ನಡೆದೆ, ನನ್ನಿಂದ ಆಯಿತು, ನನ್ನವರು ಇದ್ದಾರೆ.

ಮೊಬೈಲಿಗೆ ಇಂಥ ಲೋಕಗಳು ಇಳಿದದ್ದು ಆಮೇಲೆ. ಗೇಮ್‌ಲಾಫ್ಟ್ ಕಂಪನಿಯ ‘ಆರ್ಡರ್ ಅಂಡ್ ಕೇಯಾಸ್’ 2011ರಲ್ಲಿ ಬಂತು. 2016ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ನೆಟ್‌ಮಾರ್ಬಲ್ ‘ಲೀನಿಯೇಜ್ 2 ರೆವಲ್ಯೂಷನ್’ ಬಿಡುಗಡೆ ಮಾಡಿ ಮೊದಲ ತಿಂಗಳಲ್ಲೇ 20,000 ಕೋಟಿ ವಾನ್‌ಗೂ ಹೆಚ್ಚು ಗಳಿಸಿತು. ಅಂಗೈಯಗಲದ ತೆರೆ, ಎರಡು ಹೆಬ್ಬೆರಳು, ನಡುನಡುವೆ ಬರುವ ಫೋನ್ ಕರೆ: ಇಷ್ಟರಲ್ಲೇ ಲೋಕ ನಡೆಯಬೇಕು. ಅದಕ್ಕಾಗಿ ಆಟವನ್ನೇ ಬದಲಿಸಿದರು. ಗುಂಡಿ ಒತ್ತಿ ಬಿಟ್ಟರೆ ವೇಷ ತಾನೇ ನಡೆದು, ತಾನೇ ಕಾದಾಡಿ, ತಾನೇ ಲೂಟಿ ಎತ್ತಿಕೊಳ್ಳುತ್ತದೆ. ಆಡುವವನು ನೋಡುಗನಾದ. ದಿನಾ ಬಂದು ಮುಖ ತೋರಿಸಿದರೆ ಬಹುಮಾನ, ಒಂದು ದಿನ ತಪ್ಪಿದರೆ ಸಾಲು ಕಡಿಯುತ್ತದೆ. ಇಂತಿಷ್ಟು ಗಂಟೆಗೆ ಗುಂಪಿನ ಯುದ್ಧ, ಬಾರದಿದ್ದರೆ ಗೆಳೆಯರ ಬೈಗುಳ. ಮುಚ್ಚಿದ ಪೆಟ್ಟಿಗೆಗೆ ದುಡ್ಡು ಕೊಟ್ಟು ಒಳಗೇನಿದೆಯೋ ನೋಡುವ ಜೂಜು. ಸಾಧಕನಿಗೆ ಪದವಿಯ ಏಣಿ, ಹರಟೆಯವನಿಗೆ ಗಿಲ್ಡ್ ಎಂಬ ಕೂಟ, ಕಾಡುವವನಿಗೆ ಕೊಲ್ಲಲು ಬಯಲು, ಅಲಂಕಾರಪ್ರಿಯನಿಗೆ ಸ್ಕಿನ್ ಎಂಬ ಹೊಸ ಉಡುಗೆ. ಆಟಗಾರನನ್ನು ಅರಿಯಲೆಂದು ಮಾಡಿದ ವಿಂಗಡಣೆ ಹೀಗೆ ಅವನಿಂದ ವಸೂಲಿ ಮಾಡುವ ಪಟ್ಟಿಯಾಯಿತು. ಬಹುಪಾಲು ಆಟಗಾರರು ಕಾಸು ಬಿಚ್ಚುವುದಿಲ್ಲ. ಸಣ್ಣದೊಂದು ಪಾಲಿನವರು ಧಾರಾಳ ಸುರಿಯುತ್ತಾರೆ. ಉದ್ಯಮ ಇವರನ್ನು ತಿಮಿಂಗಿಲ ಎನ್ನುತ್ತದೆ. ಬಾರ್ಟಲ್‌ನ ನಾಲ್ಕರಲ್ಲಿಲ್ಲದ ಈ ಐದನೆಯ ಬಗೆಯನ್ನು ಗುರುತಿಸಿದ್ದು ಕಂಪನಿಯ ಲೆಕ್ಕದ ಕೋಣೆ.

ಕೃಷ್ಣಾ ದಂಡೆಗೆ ಇದೆಲ್ಲ ಬಂದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೊ ಶುರುವಾಗಿ ಇಂಟರ್ನೆಟ್ ಅಗ್ಗವಾದ ಮೇಲೆ. ಅಷ್ಟರಲ್ಲಿ ಸೀಮೆಯ ದುಡಿಮೆಯ ಲಯವೂ ಬದಲಾಗಿತ್ತು. ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ 1989ರಲ್ಲಿ ಕಟ್ಟಿದ ಬ್ಯಾರೇಜು, ಆಮೇಲೆ ಹಿಪ್ಪರಗಿಯ ಬ್ಯಾರೇಜು ನೀರು ನಿಲ್ಲಿಸಿದವು. ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಜೋಳ ಕೊಯ್ದ ಮೇಲೆ ಸಿಗುತ್ತಿದ್ದ ಉದ್ದನೆಯ ಬಿಡುವು ಕಬ್ಬಿನ ಬೇಸಾಯದಲ್ಲಿಲ್ಲ. ಬಿಡುವು ತುಂಡುತುಂಡಾಗಿ ಸಿಗುತ್ತದೆ: ಕಾರ್ಖಾನೆಯ ಗೇಟಿನಲ್ಲಿ ಟ್ರ್ಯಾಕ್ಟರಿನ ಪಾಳಿ ಕಾಯುವಾಗ, ರಾತ್ರಿ ಕರೆಂಟು ಬಂದಾಗ ಮೋಟರು ಚಾಲೂ ಮಾಡಿ ಬದುವಿನ ಮೇಲೆ ಕೂತಾಗ. ಮೂರು ತಿಂಗಳ ತಾಲೀಮಿಗೆ ಈ ತುಂಡುಗಳು ಒದಗುವುದಿಲ್ಲ. ಅರ್ಧ ತಾಸಿನ ಮೊಬೈಲ್ ಆಟಕ್ಕೆ ಹೇಳಿ ಮಾಡಿಸಿದಂತಿವೆ.

ಆದರೆ ಕೊರಿಯಾದ ಮಂದಿ ಮುಗಿಬಿದ್ದ ವೇಷಲೋಕಗಳಿಗಿಂತ ಇಲ್ಲಿನ ಹುಡುಗರಿಗೆ ಹಿಡಿಸಿದ್ದು 2018ರಲ್ಲಿ ಬಂದ ‘ಪಬ್‌ಜಿ ಮೊಬೈಲ್’ ಮತ್ತು ಕಡಿಮೆ ಬೆಲೆಯ ಫೋನಿನಲ್ಲೂ ಓಡುವ ‘ಫ್ರೀ ಫೈರ್’. ಮೊದಲನೆಯದರಲ್ಲಿ 100, ಎರಡನೆಯದರಲ್ಲಿ ಸಾಮಾನ್ಯವಾಗಿ 50 ಮಂದಿ ದ್ವೀಪಕ್ಕೆ ಇಳಿದು ಕೊನೆಗೊಬ್ಬ ಅಥವಾ ಒಂದು ತಂಡ ಉಳಿಯುವ ತನಕ ಕಾದಾಟ. ಇವು ಪಾತ್ರಾಭಿನಯದ ಆಟಗಳಲ್ಲ. ಆಟ ಮುಗಿದ ಕೂಡಲೇ ಲೋಕ ಅಳಿಸಿಹೋಗುತ್ತದೆ. ಹಾಗಿದ್ದೂ ಬಗೆಗಳು ಅವೇ. ರ್‍ಯಾಂಕ್ ಪುಶ್ ಮಾಡುತ್ತ ರಾತ್ರಿ ಕಳೆಯುವವನು, ಯಾವ ಮನೆಯಲ್ಲಿ ಯಾವ ಬಂದೂಕು ಸಿಗುತ್ತದೆಂದು ಬಾಯಿಪಾಠ ಮಾಡಿದವನು, ಕಿಲ್ ಎಣಿಸುವವನು, ಬಿದ್ದ ಗೆಳೆಯನನ್ನು ರಿವೈವ್ ಮಾಡಲು ಹೋಗಿ ತಾನೂ ಸಾಯುವವನು. ನಾಲ್ವರ ಸ್ಕ್ವಾಡಿನಲ್ಲಿ ಒಬ್ಬ ಜಮಖಂಡಿಯ ಕಾಲೇಜಿನಲ್ಲಿ, ಒಬ್ಬ ಪುಣೆಯ ಕಾರ್ಖಾನೆಯಲ್ಲಿ, ಇಬ್ಬರು ಊರಲ್ಲೇ ಇರಬಹುದು. ಮೈಕಿನಲ್ಲಿ ಗುಂಡಿನ ಸದ್ದಿಗಿಂತ ಊರಿನ ಸುದ್ದಿಯೇ ಹೆಚ್ಚು.

ಸರ್ಕಾರದ ಕೈ ಇವುಗಳ ಮೇಲೆ ಬಿದ್ದದ್ದು ಬೇರೆ ಕಾರಣಕ್ಕೆ. ಗಡಿಯಲ್ಲಿ ಚೀನಾದೊಂದಿಗೆ ತಿಕ್ಕಾಟವಾದ ಮೇಲೆ 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿ 118 ಆ್ಯಪ್‌ಗಳಿಗೆ ನಿಷೇಧ ಬಂತು. 2021ರ ಜುಲೈನಲ್ಲಿ ಅದೇ ಆಟ ‘ಬಿಜಿಎಂಐ’ ಹೆಸರಿನಲ್ಲಿ ಮರಳಿತು, 2022ರ ಜುಲೈನಲ್ಲಿ ಮತ್ತೆ ತಡೆ, 2023ರ ಮೇನಲ್ಲಿ ಮತ್ತೆ ಪ್ರವೇಶ. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು; ಕೌಶಲದ ಆಟವನ್ನು ಜೂಜಿನೊಂದಿಗೆ ಸೇರಿಸಲಾಗದೆಂದು ಹೈಕೋರ್ಟ್ 2022ರ ಫೆಬ್ರುವರಿ 14ರಂದು ಆ ಕಲಮುಗಳನ್ನು ರದ್ದು ಮಾಡಿತು. ಕೇಂದ್ರ ‘ಫ್ರೀ ಫೈರ್’ ನಿಷೇಧಿಸಿದ ಸುದ್ದಿ ಹೊರಬಿದ್ದದ್ದೂ ಅದೇ ದಿನ.

ವೈದ್ಯರೂ ಆಟಗಾರರನ್ನು ವಿಂಗಡಿಸತೊಡಗಿದ್ದರು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಎಂಬ ಕ್ಲಿನಿಕ್ ತೆರೆದು, ಮೊಬೈಲ್ ಮತ್ತು ಆಟದಿಂದ ಕೈಬಿಡಿಸಿಕೊಳ್ಳಲಾಗದವರಿಗೆ ಚಿಕಿತ್ಸೆ ಆರಂಭಿಸಿತು. ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ ಸೇರಿಸಿತು; ಅದು 2022ರ ಜನವರಿಯಿಂದ ಜಾರಿಗೆ ಬಂತು. ಅಲ್ಲಿನ ಅಳತೆ ಆಡಿದ ತಾಸುಗಳದ್ದಲ್ಲ: ಹಿಡಿತ ತಪ್ಪಿದೆಯೇ, ಉಳಿದ ಕೆಲಸಗಳಿಗಿಂತ ಆಟ ಮೊದಲಾಗಿದೆಯೇ, ಹಾನಿ ಕಂಡರೂ ನಿಲ್ಲುತ್ತಿಲ್ಲವೇ ಎಂಬುದು. ಯೀ ಎಣಿಸಿದ ಹತ್ತು ಎಳೆಗಳಲ್ಲಿ, ತಪ್ಪಿಸಿಕೊಳ್ಳಲೆಂದು ಆಡುವವರ ಮೇಲೆಯೇ ಸಂಶೋಧಕರ ಕಣ್ಣು ಮೊದಲು ಬಿದ್ದದ್ದು ಸಹಜ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಯ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಆಟಗಳನ್ನು ಮೂರಾಗಿ ಒಡೆಯಿತು: ಇ-ಸ್ಪೋರ್ಟ್ಸ್, ಸಾಮಾಜಿಕ ಆಟಗಳು, ಹಣದ ಆಟಗಳು. ಮೊದಲನೆಯದಕ್ಕೆ ಕ್ರೀಡೆಯ ಮನ್ನಣೆ, ಎರಡನೆಯದಕ್ಕೆ ಅನುಮತಿ, ಮೂರನೆಯದಕ್ಕೆ ನಿಷೇಧ. ಶಿಕ್ಷೆಯೆಲ್ಲ ಹಣದ ಆಟ ನಡೆಸುವವರಿಗೆ, ಅದರ ಜಾಹೀರಾತು ಕೊಡುವವರಿಗೆ, ಹಣ ಸಾಗಿಸುವವರಿಗೆ. ಆಡಿದವನಿಗೆ ಕಾಯ್ದೆಯಲ್ಲಿ ದಂಡವಿಲ್ಲ.